3 ತಾಸಿನ ಹೋರಿ ಹಬ್ಬದ ವಿಡಿಯೊ 4 ಜಿಬಿ ಒಳಗೆ ಕೂರುತ್ತಿಲ್ಲ, ಏನು ಮಾಡಲಿ?

ಹೋರಿಹುಡುಗ, ಹಾವೇರಿ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಪಾಡ್ಯ ಆಯಿತೆಂದರೆ ನಮ್ಮ ಕಡೆ ಹೋರಿ ಹಬ್ಬ ಶುರು. ಸಿಂಗರಿಸಿದ ಹೋರಿ ಓಡಿಸುವುದು, ಅದರ ಕೊರಳಿನ ಕೊಬ್ಬರಿ ಹಾರಕ್ಕೆ ಹುಡುಗರು ಕೈ ಹಾಕುವುದು. ಅದನ್ನು ಶೂಟ್ ಮಾಡುವ ಹುಚ್ಚು ನನಗೆ. ಈ ಸಲ ಪಕ್ಕದ ಊರಿನ ಅಖಾಡದ ಬಾಜೂಕೆ ಒಂದು ಮನೆಯ ಮಾಳಿಗೆ ಹತ್ತಿ ಪೂರ್ತಿ ತೆಗೆದಿದ್ದೇನೆ. ಎಡಿಟ್ ಆದ ಮೇಲೆ 3 ತಾಸು 10 ನಿಮಿಷ ಉಳಿದಿದೆ. ಫುಲ್ ಎಚ್‌ಡಿ, ಸೆಕೆಂಡಿಗೆ 50 ಫ್ರೇಮ್. ಕ್ಯಾಮೆರಾದಿಂದ ಬಂದ ಮೂಲ ಫೈಲುಗಳೇ ಹೆಚ್ಚುಕಡಿಮೆ 40 ಜಿಬಿ.

ಒಂದು ಕೊಬ್ಬರಿ ಹೋರಿಯ ಮಾಲೀಕರು ಪೆನ್‌ಡ್ರೈವ್ ಕೊಟ್ಟು, ಇದಕ್ಕೆ ಹಾಕಿ ಕೊಡು, ಮನೆಯಲ್ಲಿ ಟಿವಿಗೆ ಚುಚ್ಚಿ ನೋಡುತ್ತೇವೆ ಅಂದರು. ಟಿವಿ ಹಳೆಯದು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿ ಇದ್ದರೆ ಮಾತ್ರ ಓದುತ್ತದೆ. ಅಂದರೆ ಫೈಲ್ 4 ಜಿಬಿ ದಾಟುವಂತಿಲ್ಲ.

ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್) ಮೊದಲು ಕ್ವಾಲಿಟಿ 26 ಇಟ್ಟೆ (ನಂಬರ್ ಏರಿದಷ್ಟೂ ಫೈಲ್ ಸಣ್ಣದು). ಶುರುವಿನ 5 ನಿಮಿಷ ಟೆಸ್ಟ್ ಮಾಡಿ ನೋಡಿದರೆ 70 ಎಂಬಿ ಬಂತು. 190 ನಿಮಿಷಕ್ಕೆ 2660 ಎಂಬಿ ಆಗುತ್ತದೆ, ಸಾಕು ಅಂದುಕೊಂಡು ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ 6.1 ಜಿಬಿ! ಮರುದಿನ 28 ಇಟ್ಟೆ, 4.8 ಜಿಬಿ. ಒಂದೊಂದು ಸಲಕ್ಕೂ ಏಳು ತಾಸು. ನಡುವೆ ಒಂದು ರಾತ್ರಿ ಕರೆಂಟ್ ಹೋಗಿ ಲ್ಯಾಪ್‌ಟಾಪೂ ಮಲಗಿತು, ಅದರ ಬ್ಯಾಟರಿ ಸತ್ತು ವರ್ಷವಾಯಿತು. ಕೊನೆಗೆ ನಾನೇ ಲೆಕ್ಕ ಹಾಕಿ, ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಬಿಟ್‌ರೇಟ್ 350 ಕೊಟ್ಟೆ. ಬಂದ ಫೈಲ್ 650 ಎಂಬಿ. ಅದರಲ್ಲಿ ಹೋರಿ ಯಾವುದು, ಮಂದಿ ಯಾವುದು ಒಂದೂ ಗೊತ್ತಾಗುವುದಿಲ್ಲ. ಎಲ್ಲ ರಾಡಿ.

ಸರಿಯಾಗಿ ಇಷ್ಟೇ ಸೈಜ್ ಬರಬೇಕು ಅಂದರೆ ಏನು ಮಾಡಬೇಕು?

ಧಾರವಾಡ ಮಳೆ

ಮೊದಲು ಆ 350ರ ಕಥೆ ಮುಗಿಸೋಣ. ನೀವು 4 ಜಿಬಿಯನ್ನು 11,400 ಸೆಕೆಂಡಿಗೆ ಭಾಗಿಸಿದ್ದೀರಿ. ಬಂದ 350 ಕಿಲೋಬೈಟ್. ಹ್ಯಾಂಡ್‌ಬ್ರೇಕ್ ಕೇಳುವುದು ಕಿಲೋಬಿಟ್. 8 ಬಿಟ್ ಸೇರಿದರೆ 1 ಬೈಟ್. ಎಂಟರಿಂದ ಗುಣಿಸುವುದು ಮರೆತುಹೋಗಿದೆ, ಅಷ್ಟೇ. ಇದನ್ನು ಒಮ್ಮೆಯಾದರೂ ಮರೆಯದವರು ಯಾರಿದ್ದಾರೆ!

ಸೈಜ್ ಅಂದರೆ ಬಿಟ್‌ರೇಟ್ ಗುಣಿಸು ಸಮಯ. ಬೇರೆ ಏನೂ ಇಲ್ಲ. ಫುಲ್ ಎಚ್‌ಡಿಯೋ ಸಣ್ಣ ವಿಡಿಯೊವೋ, ಯಾವ ಕೋಡೆಕ್ಕೋ (ಕುಗ್ಗಿಸುವ ವಿಧಾನ), ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ. ಅವೆಲ್ಲ ಅಷ್ಟು ಬಿಟ್‌ನಲ್ಲಿ ಚಿತ್ರ ಹೇಗೆ ಕಾಣುತ್ತದೆ ಅನ್ನುವುದಕ್ಕೆ.

ನಿಮ್ಮದನ್ನೇ ಹಾಕೋಣ. ಫ್ಯಾಟ್32ರಲ್ಲಿ ಒಂದು ಫೈಲ್ ಗರಿಷ್ಠ 4,29,49,67,295 ಬೈಟ್ ಇರಬಹುದು. ತುದಿಗೆ ಹೋಗುವುದು ಬೇಡ, 420 ಕೋಟಿ ಬೈಟ್ ಹಿಡಿಯಿರಿ. ಎಂಟರಿಂದ ಗುಣಿಸಿದರೆ 3360 ಕೋಟಿ ಬಿಟ್. 11,400ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2947 ಕಿಲೋಬಿಟ್. ಇದರಲ್ಲಿ ಆಡಿಯೊಗೆ 128 ತೆಗೆದಿಡಿ. ಉಳಿದದ್ದು 2819. ಪ್ಯಾಕಿಂಗ್ ಖರ್ಚು ಅಂತ ಚೂರು ಹೋಗುತ್ತದೆ, ಅದಕ್ಕೆ 2800 ಬರೆಯಿರಿ. ಫೈಲ್ 417 ಕೋಟಿ ಬೈಟ್ ಆಸುಪಾಸು ಬರುತ್ತದೆ. ವಿಂಡೋಸ್ ಅದನ್ನು 3.88 ಜಿಬಿ ಅಂತ ತೋರಿಸುತ್ತದೆ. ಅದು 1024ರ ಲೆಕ್ಕ, ಗಾಬರಿಯಾಗಬೇಡಿ.

'ಆವರೇಜ್ ಬಿಟ್‌ರೇಟ್' ಅಂತ ಇರುವ ಕಡೆ 2800 ಹಾಕಿ, ಪಕ್ಕದ ಟೂ ಪಾಸ್ ಡಬ್ಬಿಗೆ ಟಿಕ್ ಮಾಡಿ. ಹೊಸ ಆವೃತ್ತಿಯಲ್ಲಿ ಅದರ ಹೆಸರು ಮಲ್ಟಿ ಪಾಸ್.

ಹೋರಿಹುಡುಗ, ಹಾವೇರಿ

ಸರ್, ಎಂಟು! ಎರಡು ರಾತ್ರಿ ಹೋಯಿತು ಈ ಎಂಟರ ಸಲುವಾಗಿ. ಟೂ ಪಾಸ್ ಅಂದರೆ ಎರಡು ಸಲ ಏಳು ತಾಸಾ?

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

ತಮ್ಮಾ, ಅಷ್ಟಾಗುವುದಿಲ್ಲ. ಮೊದಲ ಪಾಸ್ ಬರೀ ನೋಡಿಕೊಂಡು ಹೋಗುತ್ತದೆ. ಟರ್ಬೊ ಅಂತ ಇನ್ನೊಂದು ಡಬ್ಬಿ ಇದೆ, ಅದಕ್ಕೂ ಟಿಕ್ ಮಾಡಿದರೆ ಆ ಪಾಸ್ ಬೇಗ ಮುಗಿಯುತ್ತದೆ.

ಟೂ ಪಾಸ್ ಅಂದರೆ ಕಿಸೆಯಲ್ಲಿ 500 ರೂಪಾಯಿ ಇಟ್ಟುಕೊಂಡು ಸಿದ್ಧಾರೂಢರ ಜಾತ್ರೆಗೆ ಹೋದ ಹಾಗೆ. ತಿಳಿದವನು ಒಂದು ಸುತ್ತು ಸುಮ್ಮನೆ ತಿರುಗುತ್ತಾನೆ. ಎಲ್ಲಿ ಬಳೆ, ಎಲ್ಲಿ ಮಿರ್ಚಿ ಮಂಡಕ್ಕಿ, ಎಲ್ಲಿ ತೊಟ್ಟಿಲು, ಯಾವುದಕ್ಕೆ ಎಷ್ಟು, ಎಲ್ಲ ನೋಡುತ್ತಾನೆ. ಎರಡನೆಯ ಸುತ್ತಿನಲ್ಲಿ ಖರ್ಚು. ಒಂದೇ ಪಾಸ್‌ನವನು ಮೊದಲ ಅಂಗಡಿಯಲ್ಲೇ 200 ಕಳೆದು, ತೇರು ಎಳೆಯುವ ಹೊತ್ತಿಗೆ ಕೈ ಖಾಲಿ. ನೀನು ಮಾಡಿದ ಕ್ವಾಲಿಟಿ 26, 28 ಇದೆಯಲ್ಲ, ಅದು ಉದ್ರಿ ಲೆಕ್ಕ. ಬೇಕಾದ್ದು ತಗೋ, ಬಿಲ್ ಕೊನೆಗೆ ನೋಡೋಣ.

5 ನಿಮಿಷದ ಟೆಸ್ಟ್ ಯಾಕೆ ಕೈಕೊಟ್ಟಿತು ಗೊತ್ತಾ? ಆ ಮೊದಲ 5 ನಿಮಿಷದಲ್ಲಿ ಏನಿತ್ತು?

ಹೋರಿಹುಡುಗ, ಹಾವೇರಿ

ಪೂಜೆ ಇತ್ತು ಕಾಕಾ. ಆಮೇಲೆ ಮೈಕ್‌ನವರು ಮಾತಾಡಿದ್ದು. ಹೋರಿ ಇನ್ನೂ ಬಂದಿರಲಿಲ್ಲ.

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

ಅದೇ ನೋಡು. ಮೈಕ್ ಹಿಡಿದವನ ಬಾಯಿ ಒಂದು ಬಿಟ್ಟು ಬೇರೆ ಏನೂ ಅಲುಗುವುದಿಲ್ಲ. ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಮುಂದಿನದರಲ್ಲೂ ಇದೆ, ಎನ್‌ಕೋಡರ್‌ಗೆ (ವಿಡಿಯೊ ಕುಗ್ಗಿಸುವ ಪ್ರೋಗ್ರಾಮಿಗೆ) ಬರೆಯಲು ಕೆಲಸವೇ ಇಲ್ಲ. ಇನ್ನು ಹೋರಿ ಬಿಟ್ಟಾಗ? ಕೊಂಬಿಗೆ ಕಟ್ಟಿದ ಬಲೂನು, ಕೊರಳಿನ ಕೊಬ್ಬರಿ ಹಾರ, ಬೆನ್ನ ಮೇಲಿನ ಜೂಲ ಒಂದೊಂದೂ ಒಂದೊಂದು ಕಡೆ ಹಾರುತ್ತದೆ. ಎರಡೂ ಕಡೆಯ ಮಂದಿ ಕೈ ಬೀಸುತ್ತಾರೆ. ಮೇಲೆ ಧೂಳು. ಧೂಳು ಅಂದರೆ ಎನ್‌ಕೋಡರ್‌ಗೆ ಶನಿ. ಪ್ರತಿ ಫ್ರೇಮಿನಲ್ಲೂ ಕಣ ಕಣ ಜಾಗ ಬದಲಿಸುತ್ತದೆ, ಹಿಂದಿನದನ್ನು ನಕಲು ಮಾಡೋಣ ಅಂದರೆ ಹಿಂದಿನದು ಅಲ್ಲಿ ಇಲ್ಲವೇ ಇಲ್ಲ. ರಂಗಪಂಚಮಿ ದಿನ ನಮ್ಮಲ್ಲಿ ಬಣ್ಣ ಎರಚುವುದನ್ನು ತೆಗೆದರೂ ಇದೇ ಹಣೆಬರಹ. ಮದುವೆಯಲ್ಲಿ ಅಕ್ಷತೆ ಬೀಳುವ ಆ ಹತ್ತು ಸೆಕೆಂಡ್ ಗಮನಿಸು, ಚಿತ್ರ ಚೌಕ ಚೌಕ ಒಡೆಯುವುದು ಅಲ್ಲೇ.

ಟೆಸ್ಟ್ ಮಾಡುವುದಾದರೆ ಒಂದೇ ಕಡೆ 5 ನಿಮಿಷ ಬೇಡ. ಐದು ಕಡೆ ಒಂದೊಂದು ನಿಮಿಷ ತಗೋ. ಪೂಜೆ ಒಂದು, ಖಾಲಿ ಅಖಾಡ ಒಂದು, ಓಟ ಮೂರು.

ಧಾರವಾಡ ಮಳೆ

ಕಾಕಾ ಹೇಳಿದ್ದು ಸರಿ. ಆದರೆ ನನ್ನದೊಂದು ತಕರಾರಿದೆ. ಸೈಜ್‌ಗೆ ಗುರಿ ಇಟ್ಟು ಎನ್‌ಕೋಡ್ ಮಾಡುವುದೇ ಹಳೆಯ ಕಾಲದ ಪದ್ಧತಿ. ಸಿಡಿಗೆ, ಡಿವಿಡಿಗೆ ಹಿಡಿಸಬೇಕಿದ್ದ ದಿನಗಳದ್ದು. ಈಗ ಕ್ವಾಲಿಟಿ ಸ್ಥಿರವಾಗಿಟ್ಟು ಸೈಜ್ ಅದರ ಪಾಡಿಗೆ ಬಿಡುವುದೇ ಒಳ್ಳೆಯದು. ಎಕ್ಸ್264ರಲ್ಲಿ (ಎಚ್264 ಕೋಡೆಕ್‌ನ ಎನ್‌ಕೋಡರ್) ಆ ಕ್ವಾಲಿಟಿ ನಂಬರ್ 6 ಏರಿಸಿದರೆ ಸೈಜ್ ಸುಮಾರು ಅರ್ಧವಾಗುತ್ತದೆ. ನಿಮಗೆ 28ಕ್ಕೆ 4.8 ಬಂದಿದೆ, 30ಕ್ಕೆ 3.8ರ ಹತ್ತಿರ ಬರಬಹುದು.

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

'ಬರಬಹುದು' ಅಂತ ಹೇಳಿ ಗಿರಾಕಿಯನ್ನು ಏಳು ತಾಸು ಕೂರಿಸಲು ಆಗುತ್ತದಾ? ನಮ್ಮ ಹತ್ತಿರ ಬರುವವರು ಕ್ವಾಲಿಟಿ ನಂಬರ್ ಹಿಡಿದು ಬರುವುದಿಲ್ಲ, ಪೆನ್‌ಡ್ರೈವ್ ಹಿಡಿದು ಬರುತ್ತಾರೆ.

ಹಳೆಯ ಕಾಲ ಅಂದಿರಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಬಂದಾಗ ವಿಸಿಡಿ ನಡೆಯುತ್ತಿತ್ತು. ಅದರಲ್ಲಿ ವಿಡಿಯೊ 1150, ಆಡಿಯೊ 224, ಕಲ್ಲಿನ ಮೇಲೆ ಬರೆದ ಹಾಗೆ. ಬದಲಿಸುವ ಮಾತೇ ಇಲ್ಲ. ಹಾಗಾಗಿ ಸೈಜನ್ನು ಎಂಬಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಿಮಿಷದಲ್ಲಿ ಕೇಳುತ್ತಿದ್ದರು. ಒಂದು ಸಿಡಿಗೆ 74 ನಿಮಿಷ. ದೇವರ ಕಾರ್ಯ ಒಂದು ಸಿಡಿ, ತಾಳಿ ಒಂದು, ಊಟ ಒಂದು. ಡಿವಿಡಿ ಬಂದ ಮೇಲೆ ಲೆಕ್ಕ ಶುರುವಾಯಿತು. 4.7 ಜಿಬಿ ಅಂದರೆ 470 ಕೋಟಿ ಬೈಟ್. 2 ತಾಸಿನ ಮದುವೆಗೆ ಸೆಕೆಂಡಿಗೆ 5200 ಕಿಲೋಬಿಟ್ ಸಿಗುತ್ತಿತ್ತು. ಬೀಗರು 4 ತಾಸು ಬೇಕು ಅಂದರೆ 2600. ಬೀಗರಿಗೆ ಈ ಲೆಕ್ಕ ತಿಳಿಸಿ ಹೇಳುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತು.

ತಂಬೂರಿ, ಗದಗ

ನಡುವೆ ಬಂದೆ, ಕ್ಷಮಿಸಿ. ಆಡಿಯೊ ಬಗ್ಗೆ ಒಂದು ಮಾತು. ಮೇಲೆ 128 ತೆಗೆದಿಡಿ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನಗೆ ಅಲ್ಲೇ ಪೆಟ್ಟು ಬಿದ್ದದ್ದು.

ನಮ್ಮ ಗದಗಿನಲ್ಲಿ ಅಹೋರಾತ್ರಿ ಸಂಗೀತ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ಊರು. ಅಂಥದ್ದೇ ಒಂದು ಬೈಠಕ್ಕನ್ನು 6 ತಾಸು ರೆಕಾರ್ಡ್ ಮಾಡಿದ್ದೆ. ಒಂದೇ ಕ್ಯಾಮೆರಾ, ಸ್ಟ್ಯಾಂಡ್ ಮೇಲೆ. ಹಾಡುವವರು ಕೂತಲ್ಲೇ ಕೂತಿರುತ್ತಾರೆ, ತಬಲಾದವರ ಕೈ ಮಾತ್ರ ಓಡುತ್ತದೆ. ವಿಡಿಯೊಗೆ 700 ಸಾಕಾಗಿತ್ತು. ಆದರೆ ಫೈಲ್ 4 ಜಿಬಿ ಒಳಗೆ ಬರಲೇ ಇಲ್ಲ. 700 ಇದ್ದದ್ದನ್ನು 500 ಮಾಡಿದೆ, 300 ಮಾಡಿದೆ. ಗಾಯಕರ ಮುಖ ಮಸುಕಾಯಿತೇ ಹೊರತು ಫೈಲ್ ಬಗ್ಗಲಿಲ್ಲ.

ಕೊನೆಗೆ ಗೊತ್ತಾದದ್ದು ಏನೆಂದರೆ, ಆಡಿಯೊ 'ಇದ್ದ ಹಾಗೇ ಇಡು' ಅಂತ ಬಿಟ್ಟಿದ್ದೆ. ರೆಕಾರ್ಡರ್‌ನಿಂದ ಬಂದದ್ದು ಕುಗ್ಗಿಸದ ಧ್ವನಿ. 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ. ಗುಣಿಸಿ ನೋಡಿ, ಸೆಕೆಂಡಿಗೆ 1536 ಕಿಲೋಬಿಟ್. 6 ತಾಸಿಗೆ ಬರೀ ಧ್ವನಿಯೇ 414 ಕೋಟಿ ಬೈಟ್! ಚಿತ್ರಕ್ಕೆ ಉಳಿದದ್ದು 15 ಕೋಟಿ. ಧ್ವನಿ ಕುಗ್ಗಿಸುವ ಎಎಸಿ ಹಾಕಿ 192ಕ್ಕೆ ಇಳಿಸಿದೆ. ವಿಡಿಯೊ 700 ಇಟ್ಟರೂ ಎಲ್ಲ ಸೇರಿ 240 ಕೋಟಿಗೆ ಮುಗಿಯಿತು. ತಂಬೂರಿ ನಾದದಲ್ಲಿ ನನ್ನ ಕಿವಿಗೆ ವ್ಯತ್ಯಾಸ ಕೇಳಲಿಲ್ಲ. ನಮ್ಮ ಗುರುಗಳಿಗೆ ಕೇಳಿಸಬಹುದು, ಅವರಿಗೆ ಮೂಲ ಫೈಲೇ ಕೊಟ್ಟಿದ್ದೇನೆ.

ಸಪ್ತಾಪುರ ಮೇಷ್ಟ್ರು, ಧಾರವಾಡ

ಅಕ್ಕಾ, ನಿಮ್ಮದು ಧ್ವನಿ ತಿಂದದ್ದು. ನಮ್ಮದನ್ನು ಟ್ಯೂಬ್‌ಲೈಟ್ ತಿಂದಿತು.

ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಮಾಡುತ್ತೇನೆ. 50 ನಿಮಿಷದ ಕ್ಲಾಸ್ ರೆಕಾರ್ಡ್ ಮಾಡಿ ಹುಡುಗರಿಗೆ ಹಾಕುವುದು. ಒಂದು ಫೈಲ್ 100 ಎಂಬಿ ಮೀರಬಾರದು. ಹಳ್ಳಿಯಿಂದ ಬಂದು ಪಿಜಿಯಲ್ಲಿ ಇರುವ ಹುಡುಗರು ಮೊಬೈಲ್ ಡೇಟಾದಲ್ಲೇ ನೋಡಬೇಕಲ್ಲ. ಲೆಕ್ಕ ಹಾಕಿದರೆ ಒಟ್ಟು 266 ಕಿಲೋಬಿಟ್ ಸಿಗುತ್ತದೆ. ಮಾತಿಗೆ ಮೋನೊ 64, ಚಿತ್ರಕ್ಕೆ 200. ಬಿಳಿ ಬೋರ್ಡು, ಒಬ್ಬ ಮೇಷ್ಟ್ರು, ಸೆಕೆಂಡಿಗೆ 12 ಫ್ರೇಮ್ ಸಾಕು.

ಆದರೂ ಅಕ್ಷರ ಕಲಸಿದ ಹಾಗೆ ಕಾಣುತ್ತಿತ್ತು. ಒಂದು ದಿನ ನಿಧಾನವಾಗಿ ಫ್ರೇಮ್ ಫ್ರೇಮ್ ಸರಿಸಿ ನೋಡಿದೆ. ಬೋರ್ಡು ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ತುಸು ಮಬ್ಬು. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಮೊಬೈಲ್ 30 ಫ್ರೇಮ್ ತೆಗೆಯುತ್ತಿತ್ತು. ಎರಡಕ್ಕೂ ತಾಳ ಕೂಡುವುದಿಲ್ಲ. ಬೋರ್ಡ್ ಪೂರ್ತಿ ಬದಲಾಗುತ್ತಿದೆ ಅಂತ ತಿಳಿದು ಎನ್‌ಕೋಡರ್ ಇದ್ದಬದ್ದ ಬಿಟ್ಟನ್ನೆಲ್ಲ ಖಾಲಿ ಗೋಡೆಗೆ ಸುರಿಯುತ್ತಿತ್ತು. ಮೊಬೈಲ್‌ನಲ್ಲಿ 25 ಫ್ರೇಮ್, ಶಟರ್ 50ನೇ ಒಂದು ಸೆಕೆಂಡ್ ಇಟ್ಟೆ. ಅದೇ 200ರಲ್ಲಿ ಸಂಧಿ, ಸಮಾಸ, ಶೇಕಡಾ ಲೆಕ್ಕ ಎಲ್ಲ ಚೊಕ್ಕಟ.

ಧಾರವಾಡ ಮಳೆ

ಇದು ನನಗೂ ಹೊಳೆದಿರಲಿಲ್ಲ ಸರ್. ಕತ್ತಲಲ್ಲಿ ತೆಗೆದ ವಿಡಿಯೊದ ಗರಗರ ಕಣಗಳೂ ಇದೇ ಜಾತಿ. ಎನ್‌ಕೋಡ್ ಮಾಡುವ ಮುಂಚೆ ಕಣ ಅಳಿಸುವ ಡಿನಾಯ್ಸ್ ಲೈಟಾಗಿ ಹಾಕಿದರೆ ಬಹಳ ಬಿಟ್ ಉಳಿಯುತ್ತದೆ.

ಹೋರಿಹುಡುಗರಿಗೆ ಮುಖ್ಯವಾದದ್ದು ಹೇಳಲು ಮರೆತೆ. 2800ರಲ್ಲಿ ಫುಲ್ ಎಚ್‌ಡಿ 50 ಫ್ರೇಮ್ ಓಟ ತೋರಿಸುವುದು ಕಷ್ಟ. ಚಿತ್ರದ ಎತ್ತರ 1080 ಪಿಕ್ಸೆಲ್‌ನಿಂದ 720ಕ್ಕೆ ಇಳಿಸಿದರೆ ಪಿಕ್ಸೆಲ್ ಎರಡೂಕಾಲು ಪಟ್ಟು ಕಡಿಮೆ. ಫ್ರೇಮ್ 25 ಮಾಡಿದರೆ ಇನ್ನೂ ಅರ್ಧ. ಒಟ್ಟು ನಾಲ್ಕೂವರೆ ಪಟ್ಟು. ಅದೇ ಬಿಟ್‌ರೇಟ್‌ನಲ್ಲಿ ಒಂದೊಂದು ಪಿಕ್ಸೆಲ್‌ಗೂ ನಾಲ್ಕೂವರೆ ಪಟ್ಟು ಬಿಟ್ ಸಿಗುತ್ತದೆ. ಕಾಗದದ ಮೇಲೆ ಸಣ್ಣದು, ಟಿವಿಯಲ್ಲಿ ಚಂದ.

ಹೋರಿಹುಡುಗ, ಹಾವೇರಿ

25 ಮಾಡಿದರೆ ಓಟ ಎಳೆದ ಹಾಗೆ ಕಾಣುತ್ತದೆ ಸರ್. ಹುಡುಗರು ಕೊಬ್ಬರಿಗೆ ಕೈ ಹಾಕುವ ಕ್ಷಣ ಇದೆಯಲ್ಲ, ಕೈ ತಾಗಿತೋ ಇಲ್ಲವೋ ಅಂತ ಊರೂರೇ ವಾದ ಮಾಡುತ್ತದೆ. ಅಲ್ಲಿ 50 ಬೇಕೇ ಬೇಕು. ಎಚ್265 ಹಾಕಿದರೆ ಅರ್ಧ ಸೈಜ್ ಸಾಕು ಅಂತಾರಲ್ಲ?

ಧಾರವಾಡ ಮಳೆ

ಅರ್ಧದ ಹತ್ತಿರ ಸಾಕು, ಹೌದು. ಆದರೆ ಅದು 2013ರಲ್ಲಿ ಬಂದ ಕೋಡೆಕ್. ಫ್ಯಾಟ್32 ಬಿಟ್ಟು ಬೇರೆ ಓದದ ಟಿವಿ ಅದನ್ನು ಓದುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಎಚ್264ರಲ್ಲೇ ಇರಿ. ಪ್ರಿಸೆಟ್ (ಎನ್‌ಕೋಡ್ ವೇಗ) ಮಾತ್ರ ಸ್ಲೋ ಇಡಿ. ಬಿಟ್‌ರೇಟ್ ಕಟ್ಟಿಹಾಕಿದ ಮೇಲೆ ಸ್ಲೋ ಇಟ್ಟರೂ ಫಾಸ್ಟ್ ಇಟ್ಟರೂ ಸೈಜ್ ಅಷ್ಟೇ, ಚಿತ್ರ ಮಾತ್ರ ಸ್ಲೋದಲ್ಲಿ ಚೆನ್ನಾಗಿರುತ್ತದೆ.

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

ಎರಡು ದಿನದಿಂದ ಎಲ್ಲರೂ ಲೆಕ್ಕ ಹಾಕುತ್ತಿದ್ದೇವೆ, ಒಂದು ಮಾತು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಇಷ್ಟು ವರ್ಷ ಅಂಗಡಿ ನಡೆಸಿ. ತಮ್ಮಾ, ಆ ಪೆನ್‌ಡ್ರೈವ್ ಎಷ್ಟು ಜಿಬಿಯದು?

ಹೋರಿಹುಡುಗ, ಹಾವೇರಿ

8 ಜಿಬಿ ಕಾಕಾ.

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

4 ಜಿಬಿ ಮಿತಿ ಇರುವುದು ಒಂದು ಫೈಲಿಗೆ. ಪೆನ್‌ಡ್ರೈವ್‌ಗೆ ಅಲ್ಲ! ಎರಡು ಫೈಲ್ ಮಾಡು ಮಾರಾಯ. ಊಟಕ್ಕೆ ಬಿಟ್ಟ ಹೊತ್ತಲ್ಲಿ ಕತ್ತರಿಸು. ಈಗ ನಿನಗೆ ಗುರಿ 420 ಕೋಟಿ ಅಲ್ಲ, ಎರಡೂ ಸೇರಿ 730 ಕೋಟಿ. ವಿಡಿಯೊ 5000, ಆಡಿಯೊ 128. ಒಂದೊಂದು ಫೈಲ್ 365 ಕೋಟಿ. 8 ಜಿಬಿ ಅಂತ ಬರೆದ ಪೆನ್‌ಡ್ರೈವ್‌ನಲ್ಲಿ ಪೂರ್ತಿ 800 ಕೋಟಿ ಸಿಗುವ ಭರವಸೆ ಇಲ್ಲ, ಅದಕ್ಕೇ ಜಾಗ ಬಿಟ್ಟು ಹೇಳಿದೆ. 720 ಇಡು, ನಿನ್ನ 50 ಫ್ರೇಮೂ ಇರಲಿ.

ಧಾರವಾಡ ಮಳೆ

ನಾನು ಬರೆದ ಮೊದಲ ಉತ್ತರದಲ್ಲೇ 'ಒಂದು ಫೈಲ್ ಗರಿಷ್ಠ' ಅಂತ ಇದೆ. ಬರೆದವನಿಗೇ ಹೊಳೆಯಲಿಲ್ಲ. ಒಂದು ಫೇಡೆ ಡಬ್ಬಿ ದಂಡ ಕಟ್ಟುತ್ತೇನೆ.

ಒಂದು ಸಣ್ಣ ಸೇರ್ಪಡೆ. ಟೂ ಪಾಸ್ ಓಟದ ಹೊತ್ತಲ್ಲಿ ಬಿಟ್ಟು ಸುರಿಯುತ್ತದೆ, ಹಳೆಯ ಟಿವಿ ಅಲ್ಲಿ ತಡವರಿಸಬಹುದು. ಗರಿಷ್ಠ ಬಿಟ್‌ರೇಟ್ 10,000, ಬಫರ್ ಕೂಡ ಅಷ್ಟೇ ಇಡಿ. ಸರಾಸರಿ 5000ವೇ ಇರುತ್ತದೆ, ಸೈಜ್ ಕೆಡುವುದಿಲ್ಲ.

ಹೋರಿಹುಡುಗ, ಹಾವೇರಿ

ಎಲ್ಲರಿಗೂ ಶರಣು. ಆಯಿತು! ಒಂದು ಫೈಲ್ 364 ಕೋಟಿ ಬೈಟ್, ಇನ್ನೊಂದು 366. ರಾತ್ರಿ ಹಚ್ಚಿದ್ದು ಬೆಳಿಗ್ಗೆ ಚಹಾದ ಹೊತ್ತಿಗೆ ಮುಗಿದಿತ್ತು. ನಿನ್ನೆ ಅವರ ಮನೆಗೆ ಹೋಗಿ ನಾನೇ ಟಿವಿಗೆ ಹಾಕಿ ತೋರಿಸಿದೆ. ಧೂಳು ಎದ್ದಾಗ ಅಲ್ಲಲ್ಲಿ ತುಸು ಒಡೆಯುತ್ತದೆ, ನನಗೆ ಬಿಟ್ಟರೆ ಮತ್ತಾರಿಗೂ ಕಾಣಲಿಲ್ಲ. ಫೈಲ್ ಹೆಸರು ಸರಿಯಾಗಿ ಇಡದ ಕಾರಣ ಎರಡನೆಯದು ಮೊದಲು ಓಡಿತು. ಈಗ ಮುಂದೆ 01, 02 ಸೇರಿಸಿದ್ದೇನೆ.

ಆ ಮನೆಯ ಅಜ್ಜ ತಮ್ಮ ಹೋರಿ ಬರುವ ಜಾಗವನ್ನೇ ನಾಲ್ಕು ಸಲ ಹಾಕಿಸಿದರು. ಅದು 22 ಸೆಕೆಂಡ್ ಇದೆ. ಉಳಿದ 3 ತಾಸು ಅವರಿಗೆ ಬೇಡವಂತೆ. ಅಷ್ಟನ್ನೇ ಕತ್ತರಿಸಿ ಮೊಮ್ಮಗನ ವಾಟ್ಸಾಪ್‌ಗೆ ಹಾಕು, ಧೂಳಿನಲ್ಲೂ ಒಡೆಯಬಾರದು ಅಂದರು. ಅಂದರೆ ಅಜ್ಜನಿಗೂ ಕಂಡಿದೆ ಅಂತ ಆಯಿತು! ಇದಕ್ಕೆ ಎಷ್ಟು ಬಿಟ್‌ರೇಟ್ ಇಡಲಿ?

ಮಿಕ್ಸಿಂಗ್ ಕಾಕಾ, ಹುಬ್ಬಳ್ಳಿ

ಏನೂ ಇಡಬೇಡ. ಕ್ಯಾಮೆರಾದ ಮೂಲ ಫೈಲ್‌ನಿಂದ ಆ 22 ಸೆಕೆಂಡನ್ನು ಎನ್‌ಕೋಡ್ ಮಾಡದೆ ಹಾಗೇ ಕತ್ತರಿಸು. ನಿನ್ನ ಕ್ಯಾಮೆರಾದ ಸೆಕೆಂಡಿಗೆ 28 ಮೆಗಾಬಿಟ್ ಲೆಕ್ಕಕ್ಕೆ 77 ಎಂಬಿ ಆಗುತ್ತದೆ. ವಿಡಿಯೊ ಅಂತ ಕಳಿಸಿದರೆ ವಾಟ್ಸಾಪ್ ಮತ್ತೆ ಹಿಂಡಿಹಾಕುತ್ತದೆ, ಡಾಕ್ಯುಮೆಂಟ್ ಅಂತ ಕಳಿಸು. ಅದರಲ್ಲಿ 2 ಜಿಬಿವರೆಗೆ ಹೋಗುತ್ತದೆ. ಅಜ್ಜನಿಗೆ ನಮಸ್ಕಾರ ಹೇಳು.